ಗಂಟೆಗಳ ಲೆಕ್ಕಕ್ಕೆ ಸಿಗದ ಪರದೆ: ಮನೆಯೊಳಗಿನ ಸ್ಕ್ರೀನ್ ಬಳಕೆಯನ್ನು ಅಳೆಯುವುದು ಹೇಗೆ?

ಮಕ್ಕಳಿರುವ ಮನೆಗಳಲ್ಲಿ ಮೊಬೈಲಿನ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ಒಂದೇ: ದಿನಕ್ಕೆ ಎಷ್ಟು ಹೊತ್ತು ಕೊಡಬಹುದು? ಪೋಷಕರು ವೈದ್ಯರನ್ನು ಕೇಳುವುದು ಇದನ್ನೇ, ಶಿಕ್ಷಕರನ್ನು ಕೇಳುವುದೂ ಇದನ್ನೇ. ಗಂಡ ಹೆಂಡಿರ ನಡುವೆ ಜಗಳ ಹುಟ್ಟುವುದೂ ಇದರ ಸುತ್ತಲೇ. ಒಂದು ಅಂಕಿ ಸಿಕ್ಕಿಬಿಟ್ಟರೆ ಅದನ್ನು ಮನೆಯ ನಿಯಮವಾಗಿಸಿ ನೆಮ್ಮದಿಯಿಂದ ಇರಬಹುದು ಎಂಬ ಆಸೆ ಸಹಜವಾದದ್ದೇ. ಆದರೆ ಗಡಿಯಾರ ಹಿಡಿದು ಪರದೆಯನ್ನು ಅಳೆಯಲು ಹೊರಟಾಗ, ಮನೆಯಲ್ಲಿ ನಿಜವಾಗಿ ನಡೆಯುತ್ತಿರುವ ಎರಡು ಸಂಗತಿಗಳು ಲೆಕ್ಕದಿಂದ ಜಾರಿಹೋಗುತ್ತವೆ. ಒಂದು, ಆ ಹೊತ್ತಿನಲ್ಲಿ ಪರದೆ ಯಾವುದರ ಜಾಗದಲ್ಲಿ ಬಂದು ಕೂತಿತು ಎಂಬುದು. ಇನ್ನೊಂದು, ಅದು ಎಷ್ಟು ಸಲ ಮಾತಿನ ನಡುವೆ ಬಾಯಿ ಹಾಕಿತು ಎಂಬುದು. ಈ ಎರಡನೆಯದರಲ್ಲಿ ದೊಡ್ಡವರ ಪಾಲು ಸಣ್ಣದಲ್ಲ. ಅದರ ಬಗ್ಗೆ ನಡೆಯುವ ಚರ್ಚೆ ಮಾತ್ರ ತೀರ ಸಣ್ಣದು. ಮನೆಯ ಸ್ಕ್ರೀನ್ ಸಮಸ್ಯೆಯನ್ನು ಮಗುವಿನ ಕೈಯಿಂದಲ್ಲ, ದೊಡ್ಡವರ ಕೈಯಿಂದ ಬಿಡಿಸಲು ಆರಂಭಿಸಬೇಕು ಎಂಬುದು ಈ ಬರಹದ ವಾದ.

ಮೊದಲು, ಎಲ್ಲರೂ ಉಲ್ಲೇಖಿಸುವ ಅಂಕಿಗಳು ಎಲ್ಲಿಂದ ಬಂದವೆಂದು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯು 2019ರ ಏಪ್ರಿಲ್‌ನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಸಂಬಂಧಿಸಿದ ಮಾರ್ಗಸೂಚಿಯನ್ನು ಹೊರಡಿಸಿತು. 2 ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸುವುದು ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕೂ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದು ಹೇಳಿತು. ಈ 1 ಗಂಟೆಯ ಮಾತು ಜನರ ನೆನಪಿನಲ್ಲಿ ಉಳಿಯಿತು, ಆದರೆ ಆ ಮಾರ್ಗಸೂಚಿಯ ಮುಖ್ಯ ವಿಷಯ ಪರದೆಯಾಗಿರಲಿಲ್ಲ. ಅದು ಚಟುವಟಿಕೆ, ಕೂತೇ ಇರುವುದು ಮತ್ತು ನಿದ್ದೆಯ ಬಗೆಗಿನ ದಾಖಲೆ. 3-4 ವರ್ಷದ ಮಗುವಿಗೆ 24 ಗಂಟೆಗಳಲ್ಲಿ 10ರಿಂದ 13 ಗಂಟೆ ನಿದ್ದೆ ಮತ್ತು ಕನಿಷ್ಠ 180 ನಿಮಿಷ ಓಡಾಟ ಬೇಕು ಎಂದು ಇಡೀ ದಿನದ ಚಿತ್ರವನ್ನು ಬರೆದಿಟ್ಟು, ಆ ಚಿತ್ರದೊಳಗೆ ಪರದೆಗೆ ಒಂದು ಮೂಲೆಯನ್ನು ತೋರಿಸಲಾಗಿತ್ತು. ಚಿತ್ರವನ್ನು ಬಿಟ್ಟು ಮೂಲೆಯ ಅಳತೆಯನ್ನಷ್ಟೇ ನಾವು ಕತ್ತರಿಸಿ ತಂದುಕೊಂಡೆವು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ನಿಲುವು ಬದಲಾದ ಬಗೆಯೂ ಇದನ್ನೇ ತೋರಿಸುತ್ತದೆ. 1999ರಲ್ಲಿ 2 ವರ್ಷದೊಳಗಿನವರಿಗೆ ಟಿ.ವಿ.ಯೇ ಬೇಡ ಎಂದಿದ್ದ ಆ ಸಂಸ್ಥೆ, 2016ರಲ್ಲಿ ವಿಡಿಯೊ ಕರೆಯನ್ನು ನಿರ್ಬಂಧದಿಂದ ಹೊರಗಿಟ್ಟಿತು. ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ಒಂದೇ ಅಂಕಿಯನ್ನು ನಿಗದಿಪಡಿಸುವ ಬದಲು, ನಿದ್ದೆ ಮತ್ತು ಆಟ ಕಡಿಮೆಯಾಗದಂತೆ ಮನೆಯವರೇ ಮಿತಿ ಹಾಕಿಕೊಳ್ಳಲಿ ಎಂದಿತು. ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು 2019ರಲ್ಲಿ ಇನ್ನೂ ಮುಂದೆ ಹೋಗಿ, ಗಂಟೆಯ ಮಿತಿಯನ್ನೇ ಹೇಳಲು ಒಪ್ಪದೆ, ಪೋಷಕರ ಮುಂದೆ ನಾಲ್ಕು ಪ್ರಶ್ನೆಗಳನ್ನಿಟ್ಟಿತು: ಮನೆಯಲ್ಲಿ ಪರದೆಯ ಬಳಕೆ ಹಿಡಿತದಲ್ಲಿದೆಯೇ, ಮನೆಮಂದಿ ಕೂಡಿ ಮಾಡಬೇಕೆಂದಿರುವ ಕೆಲಸಗಳಿಗೆ ಅದು ಅಡ್ಡ ಬರುತ್ತಿದೆಯೇ, ನಿದ್ದೆ ಕೆಡಿಸುತ್ತಿದೆಯೇ, ನೋಡುತ್ತಾ ಕೂತಾಗ ತಿನ್ನುವುದರ ಮೇಲೆ ನಿಗಾ ಇದೆಯೇ? ಈ ಪ್ರಶ್ನೆಗಳು ಮಗುವನ್ನಷ್ಟೇ ಅಲ್ಲ, ಮನೆಯನ್ನು ಕೇಳುತ್ತವೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ಪರದೆಯಿಂದ ಹಾನಿ ಇಲ್ಲವೇ? ಇಲ್ಲಿ ಎಚ್ಚರಿಕೆಯಿಂದ ಹೆಜ್ಜೆ ಇಡಬೇಕಾಗುತ್ತದೆ. ಏಮಿ ಓರ್ಬೆನ್ ಮತ್ತು ಆಂಡ್ರೂ ಶಿಬಿಲ್ಸ್ಕಿ ಎಂಬ ಇಬ್ಬರು ಸಂಶೋಧಕರು 3,55,358 ಹದಿಹರೆಯದವರ ಮಾಹಿತಿಯನ್ನು ವಿಶ್ಲೇಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಜಿಟಲ್ ಸಾಧನಗಳ ಬಳಕೆಗೂ ಮಾನಸಿಕ ಸ್ವಾಸ್ಥ್ಯ ಕುಂದುವುದಕ್ಕೂ ನಂಟು ಇರುವುದು ಹೌದಾದರೂ, ಸ್ವಾಸ್ಥ್ಯದಲ್ಲಿ ಕಾಣುವ ವ್ಯತ್ಯಾಸದ ಹೆಚ್ಚೆಂದರೆ 0.4 ಶೇಕಡದಷ್ಟನ್ನು ಮಾತ್ರ ಅದು ವಿವರಿಸುತ್ತದೆ ಎಂದು ಕಂಡುಬಂತು. ಒಂದು ಪೀಳಿಗೆಯೇ ಹಾಳಾಯಿತು ಎನ್ನುವವರಿಗೆ ಇದು ಉತ್ತರವಾಗಿ ಬಳಕೆಯಾಯಿತು. ಆದರೆ ಸರಾಸರಿ ಎಂಬುದು ತನ್ನ ಹೊಟ್ಟೆಯಲ್ಲಿ ಬಹಳಷ್ಟನ್ನು ಮುಚ್ಚಿಟ್ಟುಕೊಂಡಿರುತ್ತದೆ. ದೂರದ ಗೆಳತಿಯೊಡನೆ ಮಾತನಾಡಿ ಹಗುರಾದ ಹುಡುಗಿ ಮತ್ತು ಅಪರಿಚಿತರ ಕೊಂಕು ಓದುತ್ತಾ ರಾತ್ರಿ ಕಳೆದ ಹುಡುಗಿ, ಇಬ್ಬರ ಎರಡೆರಡು ಗಂಟೆಗಳೂ ಆ ಲೆಕ್ಕದಲ್ಲಿ ಒಂದೇ. ಅದರ ಮೇಲೆ, ಇಂಥ ಅಧ್ಯಯನಗಳಲ್ಲಿ ಬಹುಪಾಲು, ಜನರು ತಾವೇ ಅಂದಾಜಿಸಿ ಹೇಳಿದ ಗಂಟೆಗಳನ್ನು ಆಧರಿಸಿವೆ. ಆ ಅಂದಾಜಿಗೂ ಸಾಧನವೇ ದಾಖಲಿಸಿದ ಬಳಕೆಗೂ ಹೊಂದಾಣಿಕೆ ಸಾಧಾರಣ ಮಟ್ಟದ್ದಷ್ಟೇ ಎಂದು 2021ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು ತೋರಿಸಿತು. ಪರದೆಯನ್ನು ಶಪಿಸುವವರೂ ಸಮರ್ಥಿಸುವವರೂ ನೆಚ್ಚಿಕೊಂಡಿರುವ ಅಳತೆಗೋಲೇ ಸಡಿಲವಾಗಿದೆ ಎಂದಮೇಲೆ, ಬೇರೆ ಅಳತೆಗೋಲನ್ನು ಹುಡುಕುವುದು ವಿವೇಕ.

ಪುರಾವೆ ಗಟ್ಟಿಯಾಗಿರುವ ಕಡೆಯಿಂದ ಆರಂಭಿಸುವುದಾದರೆ, ನಿದ್ದೆಯಿಂದ ಆರಂಭಿಸಬೇಕು. ಬಾಸ್ಟನ್ನಿನ ಸಂಶೋಧಕರು 2014ರ ಕೊನೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 12 ಮಂದಿ ವಯಸ್ಕರು ಮಲಗುವ ಮುನ್ನ ಕೆಲವು ರಾತ್ರಿ ಬೆಳಕು ಸೂಸುವ ಸಾಧನದಲ್ಲೂ ಕೆಲವು ರಾತ್ರಿ ಮುದ್ರಿತ ಪುಸ್ತಕದಲ್ಲೂ ಓದಿದರು. ಸಾಧನದಲ್ಲಿ ಓದಿದ ಅವಧಿಯಲ್ಲಿ, ನಿದ್ದೆಗೆ ದೇಹವನ್ನು ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನಿನ ದಿನಚರಿ ಸುಮಾರು ಒಂದೂವರೆ ಗಂಟೆ ತಡವಾಯಿತು. ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು. ಅದು ಪ್ರಯೋಗಾಲಯದ ಮಂದ ಬೆಳಕಿನಲ್ಲಿ ಗಂಟೆಗಟ್ಟಲೆ ನಡೆದ ಓದು; ಮನೆಯ ಪರಿಸ್ಥಿತಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಬೆಳಕಿಗಿಂತ ಸರಳವಾದ ಕಾರಣವೊಂದಿದೆ: ಹಾಸಿಗೆಯಲ್ಲಿ ಫೋನ್ ಹಿಡಿದವನು ಮಲಗುವುದು ತಡ, ಬೆಳಗ್ಗೆ ಏಳಬೇಕಾದ ಸಮಯ ಮಾತ್ರ ಬದಲಾಗುವುದಿಲ್ಲ. ಹೀಗಾಗಿ ಪರದೆಯ ಬಣ್ಣವನ್ನು ರಾತ್ರಿಹೊತ್ತು ಹಳದಿಗೆ ತಿರುಗಿಸುವ ಸೌಲಭ್ಯವನ್ನು ಆನ್ ಮಾಡಿ ಸಮಾಧಾನಪಟ್ಟುಕೊಳ್ಳುವುದರಿಂದ ಹೆಚ್ಚಿನ ಪ್ರಯೋಜನ ಕಾಣದು. ಫೋನ್ ಮಲಗುವ ಕೋಣೆಯ ಹೊರಗಿರಬೇಕು. ಅಲಾರಂಗೆ ಬೇಕಲ್ಲ ಎನ್ನುವವರು ಒಂದು ಅಲಾರಂ ಗಡಿಯಾರ ತಂದಿಟ್ಟುಕೊಂಡರೆ ಆ ನೆಪವೂ ತೀರುತ್ತದೆ.

ಕಣ್ಣಿನ ವಿಷಯದಲ್ಲೂ ಒಂದು ಗಟ್ಟಿಯಾದ ಪ್ರಯೋಗವಿದೆ. ಚೀನಾದ ಗ್ವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಅರ್ಧದಷ್ಟು ಶಾಲೆಗಳ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿನಲ್ಲಿ ತರಗತಿ ನಡೆಸಲಾಯಿತು. 3 ವರ್ಷಗಳ ನಂತರ ಆ ಶಾಲೆಗಳಲ್ಲಿ 30.4 ಶೇಕಡ ಮಕ್ಕಳಿಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಬಂದಿದ್ದರೆ, ಉಳಿದ ಶಾಲೆಗಳಲ್ಲಿ ಅದು 39.5 ಶೇಕಡ ಇತ್ತು. ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳದೆ, ಮಕ್ಕಳನ್ನು ಹಗಲಿನ ಬೆಳಕಿಗೆ ಕರೆದುಕೊಂಡು ಹೋದದ್ದರಿಂದ ಬಂದ ಫಲ ಇದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಮಗು ಮಾತು ಕಲಿಯುವುದು ಕಿವಿಯಿಂದ ಮಾತ್ರವಲ್ಲ, ಎದುರಿಗಿರುವ ಮುಖದಿಂದ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳಿಗೆ 12 ಬೈಠಕ್‌ಗಳಲ್ಲಿ ಚೀನೀ ಭಾಷೆಯನ್ನು ಕೇಳಿಸಲಾಯಿತು. ಎದುರಿಗೆ ಕೂತು ಆಡಿಸುತ್ತಾ ಮಾತನಾಡಿದವರಿಂದ ಕೇಳಿದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತುಗಾರರನ್ನು ವಿಡಿಯೊದಲ್ಲಿ ನೋಡಿದ ಕೂಸುಗಳು ಕಲಿಯಲಿಲ್ಲ. ಮಾತು ಅದೇ, ಧ್ವನಿ ಅದೇ. ಕೂಸಿನ ಕಣ್ಣೋಟಕ್ಕೆ ತಿರುಗಿ ಉತ್ತರಿಸುವ ಮನುಷ್ಯ ಮಾತ್ರ ಅಲ್ಲಿರಲಿಲ್ಲ. ಮಗುವಿಗೆ ಮಾತು ಕಲಿಸುತ್ತೇವೆ ಎಂದು ಹೇಳಿಕೊಳ್ಳುವ ವಿಡಿಯೊಗಳನ್ನು ಎಳೆಗೂಸಿನ ಮುಂದೆ ಹಚ್ಚಿಡುವವರು ಇದನ್ನು ತಿಳಿದಿರಬೇಕು.

ಇದರ ಮುಂದುವರಿಕೆ ಇನ್ನಷ್ಟು ಕಸಿವಿಸಿ ಹುಟ್ಟಿಸುವಂಥದ್ದು. 2017ರ ಅಧ್ಯಯನವೊಂದರಲ್ಲಿ 38 ತಾಯಂದಿರು ತಮ್ಮ 2 ವರ್ಷದ ಮಕ್ಕಳಿಗೆ ಎರಡು ಹೊಸ ಪದಗಳನ್ನು ಕಲಿಸಿದರು. ಒಂದು ಪದವನ್ನು ಕಲಿಸುವಾಗ ನಡುವೆ ಫೋನ್ ಕರೆ ಬರುವಂತೆ ಮಾಡಲಾಗಿತ್ತು; ಇನ್ನೊಂದಕ್ಕೆ ಅಡ್ಡಿಯಿರಲಿಲ್ಲ. ಎರಡೂ ಪದಗಳು ಮಗುವಿನ ಕಿವಿಗೆ ಬಿದ್ದದ್ದು ಅಷ್ಟಷ್ಟೇ ಸಲ. ಅಡ್ಡಿಯಿಲ್ಲದೆ ಕಲಿಸಿದ ಪದವನ್ನು ಮಕ್ಕಳು ಕಲಿತರು, ಕರೆ ತುಂಡರಿಸಿದ ಪದವನ್ನು ಕಲಿಯಲಿಲ್ಲ. ಮಗು ಯಾವ ಪರದೆಯನ್ನೂ ನೋಡಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ನಾವು ಹಾಕಿಟ್ಟುಕೊಂಡಿರುವ ಲೆಕ್ಕದಲ್ಲಿ ಆ ಮಗುವಿನ ಸ್ಕ್ರೀನ್ ಟೈಮ್ ಸೊನ್ನೆ. ಬಾಸ್ಟನ್ ಪ್ರದೇಶದ ಉಪಾಹಾರ ಗೃಹಗಳಲ್ಲಿ ಮಕ್ಕಳೊಂದಿಗೆ ಊಟಕ್ಕೆ ಬಂದ 55 ಮಂದಿ ಹಿರಿಯರನ್ನು ಜೆನ್ನಿ ರಾಡೆಸ್ಕಿ ಮತ್ತು ಸಂಗಡಿಗರು ದೂರದಿಂದ ಗಮನಿಸಿ 2014ರಲ್ಲಿ ವರದಿ ಮಾಡಿದ್ದರು. ಅವರಲ್ಲಿ 40 ಮಂದಿ ಊಟದ ನಡುವೆ ಮೊಬೈಲ್ ಬಳಸಿದರು, ಕೆಲವರಂತೂ ಊಟ ಮುಗಿಯುವವರೆಗೂ ಅದರಿಂದ ಕಣ್ಣು ತೆಗೆಯಲಿಲ್ಲ.

ದೊಡ್ಡವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಕಚೇರಿಯ ಕೆಲಸ, ಶಾಲೆಯ ಸಂದೇಶ, ಬ್ಯಾಂಕಿನ ವ್ಯವಹಾರ, ವಯಸ್ಸಾದ ತಂದೆತಾಯಿಯ ಔಷಧಿಯ ವಿಚಾರಣೆ, ಎಲ್ಲವೂ ಒಂದೇ ಫೋನಿನೊಳಗೆ ಬಂದು ಸೇರಿವೆ. ಸಮಸ್ಯೆಯ ಒಂದು ಎಳೆ ಇರುವುದು ಇಲ್ಲಿಯೇ. ಹಿಂದೆ ಅಪ್ಪ ಪತ್ರಿಕೆ ಬಿಡಿಸಿ ಕೂತರೆ ಓದುತ್ತಿದ್ದಾನೆಂದೂ, ಅಮ್ಮ ಲೆಕ್ಕದ ಪುಸ್ತಕ ತೆರೆದರೆ ಲೆಕ್ಕ ಬರೆಯುತ್ತಿದ್ದಾಳೆಂದೂ ಮಗುವಿಗೆ ಕಾಣುತ್ತಿತ್ತು. ಆ ಕೆಲಸ ಯಾವಾಗ ಮುಗಿಯುತ್ತದೆಂಬ ಅಂದಾಜೂ ಸಿಗುತ್ತಿತ್ತು. ಫೋನ್ ಹಿಡಿದಾಗ ಎಲ್ಲ ಕೆಲಸಕ್ಕೂ ಒಂದೇ ಭಂಗಿ: ಬಗ್ಗಿದ ತಲೆ, ಚಲಿಸುವ ಹೆಬ್ಬೆರಳು. ಬಿಲ್ ಕಟ್ಟುತ್ತಿದ್ದೀರೋ ರೀಲ್ಸ್ ನೋಡುತ್ತಿದ್ದೀರೋ ಎಂಬುದು ಎದುರಿಗಿರುವ ಮಗುವಿಗೆ ತಿಳಿಯದು. ತಾನು ಕರೆದರೂ ತಿರುಗಿ ನೋಡದಷ್ಟು ಮುಖ್ಯವಾದದ್ದು ಆ ಪೆಟ್ಟಿಗೆಯಲ್ಲೇನೋ ಇದೆ ಎಂಬುದಷ್ಟೇ ಅದಕ್ಕೆ ಅರ್ಥವಾಗುತ್ತದೆ. ಹಾಗಾಗಿ, ಖರ್ಚಿಲ್ಲದ, ಯಾವ ಆಪ್‌ನ ಅಗತ್ಯವೂ ಇಲ್ಲದ ಒಂದು ಅಭ್ಯಾಸವನ್ನು ನಾನು ಮೊದಲ ಸ್ಥಾನದಲ್ಲಿಡುತ್ತೇನೆ: ಮನೆಯವರ ಮುಂದೆ ಫೋನ್ ಎತ್ತಿಕೊಳ್ಳುವಾಗ ಏಕೆಂದು ಬಾಯಿಬಿಟ್ಟು ಹೇಳುವುದು. “ಕಚೇರಿಯಿಂದ ಮೆಸೇಜ್ ಬಂದಿದೆ ಪುಟ್ಟಾ, ಉತ್ತರ ಕೊಟ್ಟು ಈಗ ಬಂದೆ” ಎಂದರೆ ಸಾಕು. ಹೀಗೆ ಹೇಳುವ ರೂಢಿ ಬಂದಮೇಲೆ, ಹೇಳಲು ಕಾರಣವೇ ಇಲ್ಲದೆ ಎತ್ತಿಕೊಳ್ಳುವ ಸಂದರ್ಭಗಳು ಎಷ್ಟೆಂದು ಹೇಳುವವರಿಗೇ ಗೊತ್ತಾಗುತ್ತದೆ.

ಮನಸ್ಸು ಗಟ್ಟಿ ಮಾಡಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂಬ ಉಪದೇಶವನ್ನೂ ಒಪ್ಪಲಾಗದು, ಏಕೆಂದರೆ ಎದುರಿಗಿರುವುದು ನಿಲ್ಲದಂತೆ ರೂಪಿಸಿದ ವಸ್ತು. ಪುಟದ ಕೊನೆಯೇ ಬಾರದಂತೆ ಸ್ಕ್ರಾಲ್ ಆಗುತ್ತಲೇ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅದಕ್ಕಾಗಿ ಮುಂದೆ ಬಹಿರಂಗವಾಗಿಯೇ ವಿಷಾದ ವ್ಯಕ್ತಪಡಿಸಿದರು. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿಯೇ ಶುರುವಾಗುವ ಆಟೊಪ್ಲೇ ಮಾಡುವ ಕೆಲಸವೂ ಅದೇ. ಪುಸ್ತಕಕ್ಕೆ ಅಧ್ಯಾಯವಿದೆ, ನಾಟಕಕ್ಕೆ ಅಂಕವಿದೆ. ಸಾಕೆನಿಸಿದಾಗ ಏಳಲು ಸಿಗುತ್ತಿದ್ದ ಆ ಬಿಡುವುಗಳನ್ನು ಇಲ್ಲಿ ಬೇಕೆಂದೇ ತೆಗೆದುಹಾಕಲಾಗಿದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕಾಗಿ ಪ್ರಾಣಿಗಳು ಪಟ್ಟು ಬಿಡದೆ ಪ್ರಯತ್ನಿಸುತ್ತಲೇ ಇರುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿದ್ದರು. ಮುಂದಿನ ಸ್ವೈಪ್‌ನಲ್ಲಿ ಒಳ್ಳೆಯದೇನಾದರೂ ಬರಬಹುದೆಂಬ ನಿರೀಕ್ಷೆಯೂ ಅದೇ ಬಗೆಯದು. 40 ವರ್ಷದವರಿಗೇ ನಿಲ್ಲಿಸಲು ಕಷ್ಟವಾಗುವುದನ್ನು 8 ವರ್ಷದ ಮಗು ತಾನಾಗಿ ನಿಲ್ಲಿಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆದ್ದರಿಂದ ತೆಗೆದುಹಾಕಿದ ಬಿಡುವುಗಳನ್ನು ಮನೆಯವರು ಮರಳಿ ತಂದಿಡಬೇಕು, ಅದೂ ವಸ್ತುವಿನ ಸ್ವಭಾವ ನೋಡಿಕೊಂಡು. ಆಟೊಪ್ಲೇ ಆಫ್ ಮಾಡಿ, “ಒಂದು ಕಂತು” ಎಂದು ಮೊದಲೇ ಮಾತಾಡಿಕೊಂಡರೆ ಚಿಕ್ಕ ಮಕ್ಕಳು ಏಳುವುದು ಸುಲಭ. ಕಥೆಯ ನಡುವೆ ಅರ್ಧ ಗಂಟೆ ಆಯಿತೆಂದು ಕಿತ್ತುಕೊಂಡರೆ ರಂಪ ಖಚಿತ. ಗೇಮ್ ಆಡುವ ಮಕ್ಕಳ ವಿಷಯದಲ್ಲಿ ಅನೇಕ ಪೋಷಕರಿಗೆ ತಿಳಿಯದ ಸೂಕ್ಷ್ಮವೊಂದಿದೆ. ಹಲವರು ಕೂಡಿ ಆನ್‌ಲೈನಿನಲ್ಲಿ ಆಡುವ ಆಟವನ್ನು ನಡುವೆ ನಿಲ್ಲಿಸಿಟ್ಟು ಮತ್ತೆ ಮುಂದುವರಿಸಲು ಬರುವುದಿಲ್ಲ. ಅರ್ಧಕ್ಕೆ ಎದ್ದರೆ ತಂಡವನ್ನು ಕೈಬಿಟ್ಟಂತಾಗುತ್ತದೆ, ಗಳಿಸಿದ ಅಂಕವೂ ಹೋಗಬಹುದು. “ಈಗಲೇ ಬಂದು ಊಟ ಮಾಡು” ಎಂಬ ಕೂಗಿಗೆ ಹುಡುಗ ಸಿಡುಕುವುದು ಯಾವಾಗಲೂ ಚಟದ ಲಕ್ಷಣವಲ್ಲ. ನಿಮಿಷಗಳ ಬದಲು ಪಂದ್ಯಗಳ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಂಡು, ಊಟಕ್ಕೆ ಮುನ್ನ ಹೊಸ ಪಂದ್ಯ ಶುರುಮಾಡುವಂತಿಲ್ಲ ಎಂದರೆ ಜಗಳ ಬಹಳ ಮಟ್ಟಿಗೆ ಇಳಿಯುತ್ತದೆ.

ನಿಜವಾದ ವ್ಯಸನ ಬೇರೆಯೇ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ಕಾಯಿಲೆಗೂ ಸ್ಥಾನವಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲವೂ ಅದರ ಹಿಂದಕ್ಕೆ ಸರಿಯುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುವುದು, ಇವು ಸಾಮಾನ್ಯವಾಗಿ 12 ತಿಂಗಳಷ್ಟು ಕಾಲ ಕಾಣಿಸಿಕೊಂಡು ಓದು, ಸಂಬಂಧ, ಕೆಲಸಗಳನ್ನು ತೀವ್ರವಾಗಿ ಕೆಡಿಸಿದಾಗ ಆ ಹೆಸರು ಸಲ್ಲುತ್ತದೆ. ಅಂಥ ಮಗುವಿಗೆ ಬೇಕಿರುವುದು ಬೈಗುಳವಲ್ಲ, ಚಿಕಿತ್ಸೆ. ಉಳಿದ ಮಕ್ಕಳಿಗೆ ಆ ಹಣೆಪಟ್ಟಿ ಹಚ್ಚುವುದರಿಂದ ಆಗುವುದು ಕೇಡೇ.

ಸರ್ಕಾರಗಳೂ ಕೈ ಹಾಕಿವೆ. 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಆಟ ಆಡದಂತೆ ದಕ್ಷಿಣ ಕೊರಿಯಾ 2011ರಲ್ಲಿ ತಡೆ ತಂದು, ಸುಮಾರು ಹತ್ತು ವರ್ಷಗಳ ಬಳಿಕ ಅದನ್ನು ಕೈಬಿಟ್ಟಿತು. ಆ ವೇಳೆಗೆ ಮಕ್ಕಳ ಆಟ ಕಂಪ್ಯೂಟರಿನಿಂದ ಮೊಬೈಲಿಗೆ ಸರಿದಿತ್ತು. ಚೀನಾ 2021ರಲ್ಲಿ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳ ರಾತ್ರಿ 8ರಿಂದ 9ರವರೆಗಷ್ಟೇ ಆನ್‌ಲೈನ್ ಆಟಕ್ಕೆ ಅವಕಾಶ ಕೊಟ್ಟಿತು. 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ತಡೆಯುವ ಆಸ್ಟ್ರೇಲಿಯಾದ ಕಾಯ್ದೆ 2025ರ ಡಿಸೆಂಬರ್ 10ರಂದು ಜಾರಿಗೆ ಬಂತು. ಅಲ್ಲಿ ದಂಡದ ಹೊಣೆ ಮಕ್ಕಳ ಮೇಲಾಗಲಿ ಪೋಷಕರ ಮೇಲಾಗಲಿ ಇಲ್ಲ, ಕಂಪನಿಗಳ ಮೇಲಿದೆ. ಹೊಣೆಯನ್ನು ವಿನ್ಯಾಸ ಮಾಡಿದವರ ಕಡೆಗೆ ತಿರುಗಿಸಿದ್ದು ಸರಿಯಾದ ದಿಕ್ಕು ಎಂಬುದು ನನ್ನ ಎಣಿಕೆ. ತರಗತಿಯ ಎಲ್ಲರಿಗೂ ಖಾತೆ ಇದ್ದು ತನಗೊಬ್ಬಳಿಗೆ ಇಲ್ಲವೆಂಬ ಒಂಟಿತನವನ್ನು ಯಾವ ಮನೆಯೂ ತಾನೊಂದೇ ನಿವಾರಿಸಲಾರದು, ಅಲ್ಲಿ ಕಾಯ್ದೆ ನೆರವಾಗಬಹುದು. ಆದರೆ ಊಟದ ಹೊತ್ತಿನಲ್ಲಿ ಅಪ್ಪನ ಕೈಯಲ್ಲಿರುವ ಫೋನಿಗೆ ಯಾವ ಕಾಯ್ದೆಯೂ ಅನ್ವಯಿಸುವುದಿಲ್ಲ.

ಮನೆಯ ನಿಯಮಗಳು ಕೆಲವೇ ಇರಲಿ, ವ್ಯಕ್ತಿಯ ಮೇಲಲ್ಲದೆ ಜಾಗ ಮತ್ತು ಹೊತ್ತಿನ ಮೇಲೆ ಇರಲಿ. ಊಟದ ಜಾಗದಲ್ಲಿ ಯಾರ ಫೋನೂ ಇಲ್ಲ, ರಾತ್ರಿ ಎಲ್ಲರ ಫೋನೂ ಒಂದೇ ಕಡೆ ಚಾರ್ಜಿಗೆ, ಹೊರಗಿನಿಂದ ಮನೆಗೆ ಬಂದವರ ಮೊದಲ ಅರ್ಧ ಗಂಟೆ ಮನೆಯವರಿಗೆ: ಇಂಥ ಮೂರು ನಿಯಮಗಳನ್ನು ಮೂರು ವರ್ಷದವರಿಗೂ ಎಪ್ಪತ್ತು ವರ್ಷದವರಿಗೂ ಒಟ್ಟಿಗೆ ಅನ್ವಯಿಸಬಹುದು. ತುರ್ತು ಕರೆ ಬರಬಹುದಾದ ಕೆಲಸದಲ್ಲಿರುವವರು ಆ ವಿನಾಯಿತಿಯನ್ನು ಮಕ್ಕಳಿಗೆ ವಿವರಿಸಿ ಪಡೆದುಕೊಳ್ಳಲಿ. ಯಾರೂ ನೋಡದಿದ್ದರೂ ಹಚ್ಚಿಟ್ಟಿರುವ ಟಿ.ವಿ.ಯನ್ನು ಆರಿಸುವುದೂ ಮುಖ್ಯ, ಹಿನ್ನೆಲೆಯಲ್ಲಿ ಟಿ.ವಿ. ಓಡುತ್ತಿದ್ದರೆ ಹಿರಿಯರು ಮಗುವಿನೊಡನೆ ಆಡುವ ಮಾತು ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಅಜ್ಜಿಯೊಂದಿಗಿನ ವಿಡಿಯೊ ಕರೆಯನ್ನು ಮಾತ್ರ ಯಾವ ಲೆಕ್ಕಕ್ಕೂ ಸೇರಿಸಬೇಕಿಲ್ಲ. ಒಬ್ಬರೇ ಮನೆಯನ್ನೂ ಮಗುವನ್ನೂ ನಿಭಾಯಿಸುತ್ತಾ, ಅಡುಗೆ ಮುಗಿಯುವವರೆಗೆ ಕಾರ್ಟೂನ್ ಹಾಕಿ ಕೂರಿಸುವ ತಾಯಿ ತಪ್ಪಿತಸ್ಥಳಂತೆ ಕೊರಗುವ ಅಗತ್ಯವೂ ಇಲ್ಲ. ಆ ಅರ್ಧ ಗಂಟೆಯಲ್ಲಿ ಬೇರೆ ಯಾರೂ ಮಗುವಿನೊಡನೆ ಆಡಲು ಅಲ್ಲಿರಲಿಲ್ಲ. ಕಾರ್ಟೂನ್ ಯಾವುದೆಂದು ಅವಳು ಆರಿಸಿಟ್ಟಿದ್ದರೆ, ಊಟದ ಹೊತ್ತಿಗೆ ಅದರ ಕಥೆಯನ್ನು ಮಗುವಿನ ಬಾಯಿಂದ ಕೇಳಿದರೆ, ಅದೂ ಮಾತಿಗೆ ದಾರಿಯಾಗುತ್ತದೆ.

ಹದಿಹರೆಯದವರ ಫೋನಿನಲ್ಲಿ ಅವರಿಗೆ ತಿಳಿಯದಂತೆ ನಿಗಾ ಇಡುವ ಆಪ್ ಹಾಕುವುದನ್ನು ನಾನು ಬೆಂಬಲಿಸಲಾರೆ. ಅದು ಗೊತ್ತಾದ ದಿನ, ತೊಂದರೆಯಲ್ಲಿ ಸಿಕ್ಕಿಕೊಂಡಾಗ ಮನೆಯವರಿಗೆ ಹೇಳಬಹುದೆಂಬ ನಂಬಿಕೆ ಕಳಚಿಬೀಳುತ್ತದೆ. ಆನ್‌ಲೈನಿನಲ್ಲಿ ಬೆದರಿಕೆಗೋ ವಂಚನೆಗೋ ಒಳಗಾದ ಮಗುವಿಗೆ ಆ ನಂಬಿಕೆಗಿಂತ ದೊಡ್ಡ ರಕ್ಷಣೆ ಇಲ್ಲ. ಏನನ್ನು ನೋಡುತ್ತೇವೆ, ಏನನ್ನು ನೋಡುವುದಿಲ್ಲ ಎಂದು ಮುಂಚೆಯೇ ಹೇಳಿ, ವಯಸ್ಸು ಏರಿದಂತೆ ನಿಗಾ ಇಳಿಸುತ್ತಾ ಹೋಗುವುದು ಕಷ್ಟದ ದಾರಿ, ಆದರೆ ಸರಿಯಾದದ್ದು.

ಪರದೆಯನ್ನು ಸರಿಸಿದ ಜಾಗಕ್ಕೆ ಏನು ಬರುತ್ತದೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಅಮೆರಿಕದಲ್ಲಿ 2018ರ ಚುನಾವಣೆಗೆ ಮುನ್ನ ನಡೆದ ಪ್ರಯೋಗವೊಂದರಲ್ಲಿ ಸಂಶೋಧಕರು ಒಂದಷ್ಟು ಮಂದಿಗೆ ಹಣ ಕೊಟ್ಟು 4 ವಾರ ಫೇಸ್‌ಬುಕ್ ಬಿಡಿಸಿದ್ದರು. ಅವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಳಿಯಿತು, ನೆಮ್ಮದಿ ಸ್ವಲ್ಪಮಟ್ಟಿಗೆ ಹೆಚ್ಚಿತು. ಉಳಿದ ಆ ಹೊತ್ತಿನಲ್ಲಿ ಒಂದಿಷ್ಟು ಮನೆಯವರ ಮತ್ತು ಗೆಳೆಯರ ಒಡನಾಟಕ್ಕೆ ಹೋದರೆ, ಇನ್ನೊಂದಿಷ್ಟು ಒಬ್ಬರೇ ಕೂತು ಟಿ.ವಿ. ನೋಡುವುದಕ್ಕೆ ಹೋಯಿತು. ಖಾಲಿಯಾದ ಹೊತ್ತು ತಾನಾಗಿಯೇ ಒಳ್ಳೆಯ ಕಡೆಗೆ ಹರಿಯುವುದಿಲ್ಲ. ಊಟದ ಹೊತ್ತಿಗೆ ಫೋನ್ ಇಡಬೇಕೆಂಬ ನಿಯಮ ಬಂದ ಮೊದಲ ವಾರ, ಏನು ಮಾತಾಡಬೇಕೆಂದು ತೋಚದೆ ಎಲ್ಲರೂ ತಟ್ಟೆ ನೋಡುತ್ತಾ ಕೂರುವುದೂ ಉಂಟು. ಆ ಮೌನ ಕಂಡು ನಿಯಮ ಸೋತಿತೆಂದುಕೊಂಡು ಫೋನ್ ಎತ್ತಿಕೊಳ್ಳುವವರು ಬಹಳ. ಇನ್ನೊಂದೆರಡು ವಾರ ತಡೆದುಕೊಂಡರೆ, ತರಗತಿಯಲ್ಲಿ ನಡೆದ ಜಗಳವೋ, ಹರಿದ ಚೆಂಡೋ, ಅರ್ಥವಾಗದ ಲೆಕ್ಕವೋ ಮಾತಿಗೆ ಬರುತ್ತದೆ, ಬಹುಪಾಲು ಮನೆಗಳಲ್ಲಿ ಮೊದಲು ಚಿಕ್ಕವರ ಬಾಯಿಂದ.